ಆಚಾರ್ಯ ಬಿ.ಎಂ. ಶ್ರೀಕಂಠಯ್ಯ (1884–1946)

ಪಾಂಡವಪುರ ಕಂದಾಯ ಉಪವಿಭಾಗದ ವ್ಯಾಪ್ತಿಯಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳಿವೆ. ಈ ತಾಲ್ಲೂಕುಗಳ ಕೋಟೆ, ದೇವಾಲಯ, ನದೀತೀರಗಳ ಬಗ್ಗೆ ಸಾರ್ವಜನಿಕರಿಗೆ ಸಾಕಷ್ಟು ಮಾಹಿತಿ ಇರುತ್ತದೆ. ಆದರೆ ಇಲ್ಲಿಯ ಮಣ್ಣಿನ ನಂಟುಳ್ಳ ಒಬ್ಬ ಇಂಗ್ಲಿಷ್ ಅಧ್ಯಾಪಕರು ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದರೆಂಬ ವಿಷಯವು ಪಠ್ಯಪುಸ್ತಕದ ಒಂದೆರಡು ವಾಕ್ಯಗಳಿಗೇ ಸೀಮಿತವಾಗಿ ಉಳಿದಿದೆ. ಕಚೇರಿಗೆ ಬರುವ ನಾಗರಿಕರು ಇಂದು ಕನ್ನಡದಲ್ಲಿ ಅರ್ಜಿ ಬರೆದು, ಕನ್ನಡದಲ್ಲಿಯೇ ಹಿಂಬರಹ ಪಡೆಯುತ್ತಾರೆ. ನೂರು ವರ್ಷಗಳ ಹಿಂದೆ, ಓದು ಬಲ್ಲವರು ತಮ್ಮ ಗಂಭೀರವಾದ ಯೋಚನೆಯನ್ನು ಕನ್ನಡದಲ್ಲಿ ಬರೆಯಬಹುದೆಂದು ನಂಬುವುದೇ ಕಷ್ಟವಾಗಿತ್ತು. ಆ ನಂಬಿಕೆಯನ್ನು ಮರಳಿ ತಂದವರಲ್ಲಿ ಅಗ್ರಗಣ್ಯರಾದ ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರ ಜೀವನ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಜನನ, ಬಾಲ್ಯ ಮತ್ತು ವಿದ್ಯಾಭ್ಯಾಸ

ಶ್ರೀಕಂಠಯ್ಯನವರು 1884ರ ಜನವರಿ 3ರಂದು ಇಂದಿನ ತುಮಕೂರು ಜಿಲ್ಲೆ ತುರುವೇಕೆರೆ ತಾಲ್ಲೂಕಿನ ಸಂಪಿಗೆ ಗ್ರಾಮದಲ್ಲಿ ಜನಿಸಿದರು. ಅವರ ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಹೆಸರಿನ ಮೊದಲಕ್ಷರವಾದ ‘ಬಿ’ ಈ ಊರನ್ನೇ ಸೂಚಿಸುತ್ತದೆ. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು. ತಾಯಿ ಭಾಗೀರಥಮ್ಮ. ಬಾಲಕ ಶ್ರೀಕಂಠಯ್ಯನ ಮೊದಲ ಓದು ನಡೆದದ್ದು ಶ್ರೀರಂಗಪಟ್ಟಣದಲ್ಲಿ.

ಆ ಹೊತ್ತಿಗೆ ಶ್ರೀರಂಗಪಟ್ಟಣವು ರಾಜಧಾನಿಯ ಸ್ಥಾನವನ್ನು ಕಳೆದುಕೊಂಡು ಸುಮಾರು ತೊಂಬತ್ತು ವರ್ಷಗಳಾಗಿದ್ದವು. 1799ರ ಯುದ್ಧದ ನಂತರ ಆಡಳಿತವು ಮೈಸೂರಿಗೆ ಹೋಯಿತು. ಕೋಟೆಯ ಗೋಡೆಗಳು, ರಂಗನಾಥಸ್ವಾಮಿಯ ದೇವಾಲಯ, ಸುತ್ತಲೂ ಹರಿಯುವ ಕಾವೇರಿ ಇಷ್ಟು ಉಳಿದಿದ್ದವು. ಇದೇ ಊರಿನಲ್ಲಿ 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ತಿರುಮಲಾರ್ಯ, ಚಿಕುಪಾಧ್ಯಾಯ, ಸಿಂಗರಾರ್ಯ, ಸಂಚಿಯ ಹೊನ್ನಮ್ಮ ಮೊದಲಾದವರು ಕೃತಿಗಳನ್ನು ರಚಿಸಿದ್ದರು. ಇಂದು ಲಭ್ಯವಿರುವ ಕನ್ನಡ ನಾಟಕಗಳಲ್ಲಿ ಮೊದಲನೆಯದೆಂದು ಎಣಿಸಲಾಗುವ ‘ಮಿತ್ರವಿಂದಾ ಗೋವಿಂದ’ವು ಸಿಂಗರಾರ್ಯನದು. ಹರ್ಷನ ಸಂಸ್ಕೃತ ನಾಟಕ ‘ರತ್ನಾವಳಿ’ಯ ಕಥಾವಸ್ತುವನ್ನು ಆತ ಕೃಷ್ಣನ ಕಥೆಯಾಗಿ ಮಾರ್ಪಡಿಸಿಕೊಂಡಿದ್ದಾನೆ. ಹೊರಗಿನಿಂದ ಬಂದ ಕೃತಿಯನ್ನು ಇಲ್ಲಿಯವರ ಕಥೆಯನ್ನಾಗಿಸುವ ಪದ್ಧತಿ ಈ ಊರಿಗೆ ಹೊಸದಲ್ಲವೆಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಶ್ರೀಕಂಠಯ್ಯನವರು ಮಾಡಿದ್ದೂ ಇದನ್ನೇ. ವ್ಯತ್ಯಾಸವೆಂದರೆ, ಅವರ ಆಕರ ಸಂಸ್ಕೃತದ ಬದಲು ಗ್ರೀಕ್ ಮತ್ತು ಇಂಗ್ಲಿಷ್ ಆಗಿತ್ತು.

ಶ್ರೀರಂಗಪಟ್ಟಣದ ನಂತರ ಮೈಸೂರಿನಲ್ಲಿ ಓದು ಮುಂದುವರಿಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ 1903ರಲ್ಲಿ ಬಿ.ಎ., ಮದರಾಸಿನಲ್ಲಿ 1906ರಲ್ಲಿ ಬಿ.ಎಲ್. ಹಾಗೂ 1907ರಲ್ಲಿ ಎಂ.ಎ. ಪದವಿಗಳನ್ನು ಪಡೆದರು. ಕಾನೂನು ಪದವಿಯಿದ್ದರೂ ತಂದೆಯ ವೃತ್ತಿಯನ್ನು ಹಿಡಿಯಲಿಲ್ಲ. 1909ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ಸೇವೆಗೆ ಸೇರಿದರು.

ಕನ್ನಡದ ಅಂದಿನ ಸ್ಥಿತಿ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ಹೈದರಾಬಾದ್ ಸಂಸ್ಥಾನ, ಕೊಡಗು ಹೀಗೆ ಒಂದೊಂದು ಭಾಗದ ಕನ್ನಡಿಗರು ಒಂದೊಂದು ಕಡೆಗೆ ಮುಖ ಮಾಡಿದ್ದರು. ಉನ್ನತ ಶಿಕ್ಷಣವೂ ದೊಡ್ಡ ಕಚೇರಿಗಳ ವ್ಯವಹಾರವೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತಿದ್ದವು. ಹಳಗನ್ನಡ ಕಾವ್ಯಗಳು ಪಂಡಿತರ ಸೊತ್ತಾಗಿದ್ದವು. ಇಂಗ್ಲಿಷ್ ಕಲಿತ ಯುವಕರಿಗೆ ಅವು ಅರ್ಥವಾಗುತ್ತಿರಲಿಲ್ಲ, ಪಂಡಿತರಿಗೆ ಇಂಗ್ಲಿಷ್ ತಿಳಿದಿರಲಿಲ್ಲ. ಹಳ್ಳಿಗಳಲ್ಲಿ ಮಾತ್ರ ಕುಮಾರವ್ಯಾಸ ಭಾರತದ ವಾಚನ, ಹರಿಕಥೆ, ಬಯಲಾಟಗಳು ನಡೆಯುತ್ತಿದ್ದವು. ಆದರೆ ಅದು ಓದಿದವರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಒಂದೇ ಮನೆಯಲ್ಲಿ ತಾತ, ಮಗ, ಮೊಮ್ಮಗ ಮೂವರೂ ಮೂರು ಬೇರೆ ಲೋಕಗಳಲ್ಲಿ ಬಾಳುವಂತಾಗಿತ್ತು ಎಂದರೆ ತಪ್ಪಾಗಲಾರದು. ಇದು ಇನ್ನೂ ಒಂದು ತಲೆಮಾರು ಮುಂದುವರಿದಿದ್ದರೆ ಪಂಪ, ರನ್ನ, ನಾರಣಪ್ಪರ ಕೃತಿಗಳು ಗ್ರಂಥಭಂಡಾರದಲ್ಲಿ ಮಾತ್ರ ಉಳಿಯುವ ಅಪಾಯವಿತ್ತು.

1911ರಲ್ಲಿ ಶ್ರೀಕಂಠಯ್ಯನವರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ವಿಷಯವಾಗಿ ಉಪನ್ಯಾಸ ನೀಡಿದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಹಳೆಯ ಸಾಹಿತ್ಯವು ದೊಡ್ಡದಾದರೂ ಅದನ್ನು ಬಲ್ಲವರು ಕೆಲವರೇ ಆದಲ್ಲಿ ಭಾಷೆ ಬೆಳೆಯದು, ಜನರು ಆಡುವ ಕನ್ನಡದಲ್ಲಿ ಹೊಸ ಸಾಹಿತ್ಯ ಹುಟ್ಟಬೇಕು, ಅದಕ್ಕೆ ಬೇಕಾದ ಕಸುವನ್ನು ಇಂಗ್ಲಿಷಿನಿಂದ ಪಡೆಯಲು ಹಿಂಜರಿಯಬಾರದು ಎಂಬುದು ಅವರ ವಾದದ ತಿರುಳಾಗಿತ್ತು. ಇಂಗ್ಲಿಷನ್ನು ಜೀವನೋಪಾಯಕ್ಕಾಗಿ ಕಲಿಸುತ್ತಿದ್ದ ಅಧ್ಯಾಪಕರೊಬ್ಬರು ಕನ್ನಡದ ಪರವಾಗಿ ನಿಂತು ಮಾತನಾಡಿದ್ದು ಕೇಳುಗರಿಗೆ ಹೊಸ ಅನುಭವ. ಮುಂದಿನ ವರ್ಷಗಳಲ್ಲಿ ಅವರು ಇದೇ ವಿಚಾರವನ್ನು ನಾಡಿನ ಅನೇಕ ಊರುಗಳಿಗೆ ಕೊಂಡೊಯ್ದರು. ಶ್ರೀಕಂಠಯ್ಯನವರು ಶ್ರೇಷ್ಠ ವಾಗ್ಮಿಗಳೆಂದು ಹೆಸರಾದವರು. ಅವರ ಪ್ರಭಾವದ ಹೆಚ್ಚಿನ ಪಾಲು ಪುಸ್ತಕಗಳಿಗಿಂತ ವೇದಿಕೆಯಿಂದಲೂ ತರಗತಿಯಿಂದಲೂ ಹರಿದುಬಂತು.

‘ಇಂಗ್ಲಿಷ್ ಗೀತಗಳು’

ಹೇಳಿದ್ದನ್ನು ಮಾಡಿ ತೋರಿಸುವ ಹೊಣೆಯೂ ಅವರ ಮೇಲೆ ಬಿತ್ತು. ಇಂಗ್ಲಿಷ್ ಭಾವಗೀತೆಗಳನ್ನು ಒಂದೊಂದಾಗಿ ಕನ್ನಡಕ್ಕೆ ತರುತ್ತ ಹೋದರು. ಇವುಗಳ ಸಂಕಲನವು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಅರವತ್ತರಷ್ಟು ಕವಿತೆಗಳ ಸಣ್ಣ ಪುಸ್ತಕವಿದು. ವರ್ಡ್ಸ್‌ವರ್ತ್, ಶೆಲ್ಲಿ, ಬರ್ನ್ಸ್, ಬೈರನ್, ಸ್ಕಾಟ್, ಟೆನಿಸನ್ ಮೊದಲಾದವರ ಕವಿತೆಗಳು ಇದರಲ್ಲಿವೆ.

ಇಂತಹ ಪ್ರಯತ್ನ ಇದೇ ಮೊದಲಲ್ಲ. ಕರಾವಳಿಯಲ್ಲಿ ಪಂಜೆ ಮಂಗೇಶರಾಯರು, ಹಟ್ಟಿಯಂಗಡಿ ನಾರಾಯಣರಾಯರು ಇದಕ್ಕೂ ಮೊದಲೇ ಇಂಗ್ಲಿಷ್ ಕವಿತೆಗಳನ್ನು ಕನ್ನಡಿಸಿದ್ದರು. ಇಂದಿನ ಕಾಸರಗೋಡು ಜಿಲ್ಲೆಗೆ ಸೇರಿರುವ ಮಂಜೇಶ್ವರದ ಗೋವಿಂದ ಪೈಯವರು 1911ರಷ್ಟು ಹಿಂದೆಯೇ ಆದಿಪ್ರಾಸವನ್ನು ಕೈಬಿಟ್ಟು ಕವಿತೆ ಬರೆದಿದ್ದರು. ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನವು ಒಂದೇ ಆಗಿರಬೇಕೆಂಬ ಈ ನಿಯಮವು ಶತಮಾನಗಳಿಂದ ನಡೆದುಬಂದಿತ್ತು. ಅದನ್ನು ಬಿಡುವುದು ಸಣ್ಣ ಧೈರ್ಯವಲ್ಲ. ಆದರೂ ಹೊಸ ಕಾವ್ಯದ ಹಾದಿಯನ್ನು ಇಡೀ ತಲೆಮಾರು ಒಪ್ಪಿ ನಡೆಯುವಂತಾದುದು ಶ್ರೀಕಂಠಯ್ಯನವರ ಈ ಪುಸ್ತಕದಿಂದ. ಅವರು ಬೋಧಿಸುತ್ತಿದ್ದ ಕಾಲೇಜು, ಅಲ್ಲಿ ಓದುತ್ತಿದ್ದ ಪ್ರತಿಭಾವಂತ ವಿದ್ಯಾರ್ಥಿಗಳು, ಎಲ್ಲಕ್ಕಿಂತ ಮಿಗಿಲಾಗಿ ಆ ಕವಿತೆಗಳ ಸಲೀಸಾದ ಲಯ ಇದಕ್ಕೆ ಕಾರಣ.

ಲಯದ ವಿಷಯವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಇಂಗ್ಲಿಷ್ ಛಂದಸ್ಸು ಸ್ವರಾಘಾತವನ್ನು ಅವಲಂಬಿಸಿದೆ, ಕನ್ನಡಕ್ಕೆ ಅದು ಒಗ್ಗುವುದಿಲ್ಲ. ಕನ್ನಡದಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ಎಣಿಸಿ, ಮೂರು, ನಾಲ್ಕು, ಐದು ಮಾತ್ರೆಗಳ ಗುಂಪುಗಳನ್ನು ಮಾಡುತ್ತಾರೆ. ಷಟ್ಪದಿ, ರಗಳೆಗಳ ಕಟ್ಟಡ ನಿಂತಿರುವುದು ಈ ಗಣಗಳ ಮೇಲೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯು ಮೂರು ಮತ್ತು ನಾಲ್ಕು ಮಾತ್ರೆಗಳು ಒಂದಾದ ಮೇಲೊಂದು ಬರುವ ನಡಿಗೆಯದು. ಶ್ರೀಕಂಠಯ್ಯನವರು ಷಟ್ಪದಿಯ ಆರು ಸಾಲಿನ ಚೌಕಟ್ಟನ್ನು ಬಿಟ್ಟರು, ಆದಿಪ್ರಾಸದ ಕಟ್ಟನ್ನು ಸಡಿಲಿಸಿದರು, ಆದರೆ ಒಳಗಿನ ಮಾತ್ರೆಗಳ ಲೆಕ್ಕವನ್ನು ಕೈಬಿಡಲಿಲ್ಲ. ಸಾಲುಗಳನ್ನು ಭಾವಕ್ಕೆ ತಕ್ಕಂತೆ ಉದ್ದ, ಗಿಡ್ಡ ಮಾಡಿ ಹೊಸ ಪದ್ಯಬಂಧಗಳನ್ನು ರಚಿಸಿದರು. ಇಂಗ್ಲಿಷಿನಿಂದ ಬಂದ ಕವಿತೆಯು ಭಾರತ ವಾಚನ ಕೇಳಿ ಬೆಳೆದ ಕಿವಿಗೆ ಅಪರಿಚಿತವಾಗದೆ ಇದ್ದುದಕ್ಕೆ ಇದೇ ಕಾರಣ. ಮೂಲ ಕವಿತೆಯ ಊರು, ಹೆಸರು, ಹೂವು, ಹಕ್ಕಿಗಳನ್ನೂ ಅವರು ಹಲವೆಡೆ ಇಲ್ಲಿಯದಾಗಿ ಬದಲಿಸಿದ್ದಾರೆ. ಪದಕ್ಕೆ ಪದ ಅನುವಾದವನ್ನು ನಿರೀಕ್ಷಿಸುವವರಿಗೆ ಇದು ಕೊರತೆಯಾಗಿ ಕಾಣಬಹುದು. ಕವಿತೆಯಾಗಿ ಓದುವವರಿಗೆ ಕಾಣುವುದಿಲ್ಲ.

ವಸ್ತುವಿನಲ್ಲೂ ಹೊಸತನ ಬಂತು. ಥಾಮಸ್ ಹುಡ್ ಎಂಬ ಕವಿಯ ಕವಿತೆಯೊಂದನ್ನು ‘ದುಃಖಸೇತು’ ಎಂಬ ಹೆಸರಿನಲ್ಲಿ ಅವರು ಕನ್ನಡಕ್ಕೆ ತಂದಿದ್ದಾರೆ. ಸಮಾಜ ದೂರವಿಟ್ಟ ಕಾರಣಕ್ಕೆ ನೀರಿಗೆ ಬಿದ್ದು ಪ್ರಾಣ ಬಿಟ್ಟ ಹೆಣ್ಣುಮಗಳೊಬ್ಬಳ ಶವವನ್ನು ಕಂಡು ಮರುಗುವ ಕವಿತೆ ಅದು. ರಾಜರು, ದೇವತೆಗಳು, ಭಕ್ತರ ಕಥೆಗಳಿಗೆ ಮೀಸಲಾಗಿದ್ದ ಪದ್ಯದಲ್ಲಿ ಹೆಸರಿಲ್ಲದ ಒಬ್ಬ ಬಡ ಹೆಣ್ಣಿಗೆ ಸ್ಥಳ ದೊರೆಯಿತು. ಮತ್ತೊಂದು ಕಡೆ, ಕ್ರೈಸ್ತ ಧರ್ಮಗುರು ನ್ಯೂಮನ್ 1833ರಲ್ಲಿ ರಚಿಸಿದ ಪ್ರಾರ್ಥನಾಗೀತೆಯನ್ನು ಶ್ರೀಕಂಠಯ್ಯನವರು ಯಾವ ಮತದವರೂ ಹಾಡಬಹುದಾದ ಕನ್ನಡ ಪ್ರಾರ್ಥನೆಯನ್ನಾಗಿಸಿದರು. ಮಂಜು ಕವಿದ ದಾರಿಯಲ್ಲಿ ಕೈಹಿಡಿದು ನಡೆಸೆಂದು ಬೆಳಕನ್ನು ಬೇಡುವ ಆ ಗೀತೆಯು ನಾಡಿನ ಶಾಲೆಗಳಲ್ಲಿಯೂ ಸಭೆಗಳಲ್ಲಿಯೂ ಹಾಡಲ್ಪಡುತ್ತಿದೆ. ಅದರ ಮೂಲ ಇಂಗ್ಲಿಷಿನದೆಂಬುದು ಹಾಡುವವರಲ್ಲಿ ಅನೇಕರಿಗೆ ತಿಳಿದೇ ಇರುವುದಿಲ್ಲ.

ಮೂರು ನಾಟಕಗಳು

ಪರಂಪರೆಯ ವಿಷಯದಲ್ಲಿ ಶ್ರೀಕಂಠಯ್ಯನವರು ಎಷ್ಟು ದೂರ ಹೋಗಲು ಸಿದ್ಧರಿದ್ದರೆಂಬುದು ಅವರ ನಾಟಕಗಳಿಂದ ತಿಳಿಯುತ್ತದೆ. ಸಾವಿನಲ್ಲಿ, ಸೋಲಿನಲ್ಲಿ ಮುಗಿಯುವ ನಾಟಕವು ಗ್ರೀಕರಲ್ಲಿ ಉನ್ನತ ಸ್ಥಾನ ಪಡೆದಿದೆ. ನಮ್ಮ ಸಂಸ್ಕೃತ ನಾಟಕಗಳಾದರೋ ಸಾಮಾನ್ಯವಾಗಿ ಮಂಗಳದಲ್ಲಿ ಮುಗಿಯುತ್ತವೆ. ಗ್ರೀಕರ ಆ ಬಗೆಯನ್ನು ಅವರು ರುದ್ರನಾಟಕವೆಂದು ಕರೆದು ಕನ್ನಡಕ್ಕೆ ಪರಿಚಯಿಸಿದರು.

1926ರ ‘ಗದಾಯುದ್ಧ ನಾಟಕಂ’ ಹತ್ತನೆಯ ಶತಮಾನದ ಕವಿ ರನ್ನನ ಗದಾಯುದ್ಧ ಕಾವ್ಯವನ್ನು ಆಧರಿಸಿದೆ. ರನ್ನನ ಪದ್ಯಗಳನ್ನೇ ಆಯ್ದು ರಂಗಕ್ಕೆ ಹೊಂದುವಂತೆ ಜೋಡಿಸಿದ ಕೃತಿ ಇದು. ರನ್ನನ ಕಾವ್ಯದ ನಾಯಕ ಭೀಮ. ಆದರೆ ತನ್ನವರನ್ನೆಲ್ಲ ಕಳೆದುಕೊಂಡು ಒಬ್ಬಂಟಿಯಾಗಿ ರಣಭೂಮಿಯಲ್ಲಿ ನಡೆಯುವ ದುರ್ಯೋಧನನ ಪಾತ್ರದಲ್ಲಿ ಗ್ರೀಕ್ ರುದ್ರನಾಯಕನ ಗಾಂಭೀರ್ಯವಿದೆಯೆಂದು ಶ್ರೀಕಂಠಯ್ಯನವರು ಕಂಡುಕೊಂಡರು. ಒಂಬೈನೂರು ವರ್ಷಗಳಿಗೂ ಹಳೆಯದಾದ ಕಾವ್ಯವೊಂದನ್ನು ಇಂಗ್ಲಿಷ್ ಕಲಿತ ಯುವಕರು ಹೊಸ ಕಣ್ಣಿನಿಂದ ಓದಲು ಇದು ಪ್ರೇರಣೆ ನೀಡಿತು.

1929ರ ‘ಅಶ್ವತ್ಥಾಮನ್’ ಇನ್ನೂ ಸಾಹಸದ ಕೃತಿ. ಸೊಫೊಕ್ಲೀಸನ ‘ಏಜಾಕ್ಸ್’ ನಾಟಕದಲ್ಲಿ, ತನಗೆ ಸಲ್ಲಬೇಕಾಗಿದ್ದ ಗೌರವ ತಪ್ಪಿತೆಂದು ಕ್ರೋಧಗೊಂಡ ವೀರನು ಬುದ್ಧಿಭ್ರಮಣೆಯಲ್ಲಿ ಹೀನಕೃತ್ಯವೆಸಗಿ, ಅರಿವು ಮರಳಿದಾಗ ನಾಚಿಕೆ ತಾಳಲಾರದೆ ಪ್ರಾಣ ತೊರೆಯುತ್ತಾನೆ. ಈ ಕಥೆಗೆ ಹೊಂದುವ ಪಾತ್ರವನ್ನು ಶ್ರೀಕಂಠಯ್ಯನವರು ಮಹಾಭಾರತದಲ್ಲಿ ಹುಡುಕಿ, ಮಲಗಿದ್ದ ಉಪಪಾಂಡವರನ್ನು ರಾತ್ರಿಯಲ್ಲಿ ಕೊಂದ ಅಶ್ವತ್ಥಾಮನನ್ನು ಆರಿಸಿಕೊಂಡರು. ಏಕಲವ್ಯನನ್ನೂ ನಾಟಕದೊಳಗೆ ತಂದರು. ಭಾಷೆ ಹಳಗನ್ನಡ.

ಇಲ್ಲಿ ಒಂದು ಗಂಭೀರವಾದ ತೊಡಕು ಎದುರಾಯಿತು. ಅಶ್ವತ್ಥಾಮನು ಏಳು ಮಂದಿ ಚಿರಂಜೀವಿಗಳಲ್ಲಿ ಒಬ್ಬನೆಂಬುದು ನಮ್ಮಲ್ಲಿ ಮಕ್ಕಳಿಗೂ ತಿಳಿದ ನಂಬಿಕೆ. ಅಂಥವನು ನಾಟಕದಲ್ಲಿ ಸಾಯುವುದು ಹೇಗೆ? ವಿಮರ್ಶಕರಲ್ಲಿ ಈ ಬಗ್ಗೆ ಬಹಳ ಕಾಲ ಚರ್ಚೆ ನಡೆಯಿತು. ಪುರಾಣದ ಕಥೆಯನ್ನು ಕವಿ ತಿದ್ದಬಹುದು ಎಂದು ಕೆಲವರು, ಜನಮನದಲ್ಲಿ ನೆಲೆನಿಂತ ನಂಬಿಕೆಯನ್ನು ಮುರಿದರೆ ಪಾತ್ರವೇ ಉಳಿಯದು ಎಂದು ಕೆಲವರು. ಎರಡೂ ಕಡೆಯ ಮಾತಿನಲ್ಲಿ ತೂಕವಿದೆ. ವ್ಯಾಸಭಾರತದ ಕಥೆಯನ್ನು ಪಂಪನೂ ಬದಲಿಸಿದ್ದನೆಂಬುದು ನಿಜ. ಚಿರಂಜೀವಿತ್ವವು ಅಶ್ವತ್ಥಾಮನಿಗೆ ವರವಾಗಿರದೆ ಶಾಪವಾಗಿತ್ತೆಂಬುದೂ ನಿಜ. ಸಾವು ಬರದೆ ಗಾಯ ಹೊತ್ತು ಅಲೆಯುವುದೇ ಅವನ ದುರಂತವೆಂದು ನಂಬಿದವರಿಗೆ ನಾಟಕದ ಮುಕ್ತಾಯವು ಶಿಕ್ಷೆಗಿಂತ ಬಿಡುಗಡೆಯಂತೆ ಕಾಣುವುದು ಸಹಜ. ಗ್ರೀಕ್ ಅಚ್ಚಿನಲ್ಲಿ ಭಾರತದ ಕಥೆ ಪೂರ್ತಿಯಾಗಿ ಕೂರಲಿಲ್ಲವೆಂದೇ ಹೇಳಬೇಕು. ಆದರೆ ಹಳೆಯ ಕಥೆಯ ಮೇಲೆ ವಿದ್ಯಾವಂತರು ಮತ್ತೆ ಜಗಳವಾಡುವಂತೆ ಮಾಡಿದ್ದೇ ಈ ನಾಟಕದ ಒಂದು ಫಲ.

1935ರ ‘ಪಾರಸಿಕರು’ ಈಸ್ಕಿಲಸನ ನಾಟಕದ ಅನುವಾದ. ಇದರಲ್ಲಿ ಹೆಸರುಗಳನ್ನಾಗಲಿ ದೇಶವನ್ನಾಗಲಿ ಬದಲಿಸಿಲ್ಲ. ಗ್ರೀಕರಿಂದ ಸೋತ ಪಾರಸಿಕ ಸಾಮ್ರಾಜ್ಯದ ಅರಮನೆಯಲ್ಲಿ ಏಳುವ ಶೋಕವೇ ಇದರ ವಸ್ತು. ಮೂರು ನಾಟಕಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಮೂರರಲ್ಲಿಯೂ ಗೆದ್ದವರನ್ನು ಬಿಟ್ಟು ಸೋತವರ ಕಡೆಯಿಂದ ಕಥೆ ನಡೆಯುತ್ತದೆ. ಸೋತ ರಾಜಧಾನಿಯೊಂದರಲ್ಲಿ ಬಾಲ್ಯ ಕಳೆದವರ ಕೃತಿಗಳಿವು ಎಂಬುದನ್ನು ಇಲ್ಲಿ ಗಮನಕ್ಕೆ ತರಲಾಗಿದೆ, ಅದಕ್ಕಿಂತ ಹೆಚ್ಚಿನ ಅರ್ಥವನ್ನು ಆರೋಪಿಸುವ ಉದ್ದೇಶವಿಲ್ಲ.

ವಿಶ್ವವಿದ್ಯಾನಿಲಯ ಮತ್ತು ಸಾಹಿತ್ಯ ಪರಿಷತ್ತು

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪನೆಯಾದರೂ ಕನ್ನಡದಲ್ಲಿ ಎಂ.ಎ. ಓದುವ ಅವಕಾಶ ಒದಗಿದ್ದು 1927ರಲ್ಲಿ. ಶ್ರೀಕಂಠಯ್ಯನವರು 1926ರಿಂದ 1930ರವರೆಗೆ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದರು. ಕನ್ನಡ ಎಂ.ಎ. ತರಗತಿಗಳು ಆರಂಭವಾಗುವಲ್ಲಿ ಅವರ ಶ್ರಮ ಗಣನೀಯ. ಕುವೆಂಪು ಅವರು 1929ರಲ್ಲಿ ಈ ಪದವಿಯನ್ನು ಪಡೆದರು. ಕನ್ನಡ ಓದಿದರೆ ಹೊಟ್ಟೆ ತುಂಬುವುದೇ ಎಂದು ಕೇಳುತ್ತಿದ್ದ ಕಾಲದಲ್ಲಿ ಅದೊಂದು ಅಧಿಕೃತ ಪದವಿಯಾಗಿ ಹೊರಬಂದದ್ದು ಎಷ್ಟು ದೊಡ್ಡ ಬದಲಾವಣೆಯೆಂಬುದನ್ನು ಇಂದು ಊಹಿಸುವುದು ಕಷ್ಟ. ಕಡತದ ಕೆಲಸವೆಂದು ಹಗುರವಾಗಿ ಕಾಣುವ ಪಠ್ಯಕ್ರಮ, ನಿಯಮಾವಳಿ, ಪರೀಕ್ಷಾ ವ್ಯವಸ್ಥೆಗಳಿಲ್ಲದೆ ಅದು ಸಾಧ್ಯವಿರಲಿಲ್ಲ. ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟಿನ ಕಾರ್ಯದಲ್ಲಿಯೂ ಶ್ರೀಕಂಠಯ್ಯನವರು ತೊಡಗಿದ್ದರು. ಆ ನಿಘಂಟು 1946ರಲ್ಲಿ ಪ್ರಕಟವಾಯಿತು.

1928ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ಶ್ರೀಕಂಠಯ್ಯನವರು ವಹಿಸಿದರು. ಕಲಬುರಗಿ ಆಗ ನಿಜಾಮರ ಆಡಳಿತದಲ್ಲಿತ್ತು. ಮೈಸೂರಿನ ಅಧ್ಯಾಪಕರೊಬ್ಬರು ಅಲ್ಲಿ ನಿಂತು ಕನ್ನಡದ ಏಕತೆಯನ್ನು ಕುರಿತು ಮಾತನಾಡಿದ್ದು, ನಾಡು ಒಂದಾಗುವುದಕ್ಕೆ ಇಪ್ಪತ್ತೆಂಟು ವರ್ಷ ಮೊದಲು. 1938ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ‘ರಾಜಸೇವಾಸಕ್ತ’ ಎಂಬ ಬಿರುದನ್ನು ನೀಡಿದರು.

ಅದೇ ವರ್ಷ ಅವರು ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾದರು. ಪರಿಷತ್ತಿನ ಅಧ್ಯಕ್ಷ ಸ್ಥಾನ ಆಗ ರಾಜಮನೆತನದವರದಾಗಿದ್ದು, ದೈನಂದಿನ ಹೊಣೆ ಉಪಾಧ್ಯಕ್ಷರದಾಗಿತ್ತು. ಪರಿಷತ್ತನ್ನು ಪಂಡಿತರ ಗೋಷ್ಠಿಯಿಂದ ಹೊರತಂದು ಜನರ ಸಂಸ್ಥೆಯನ್ನಾಗಿಸುವುದು ಅವರ ಗುರಿಯಾಗಿತ್ತು. ‘ಕನ್ನಡ ನುಡಿ’ ಪತ್ರಿಕೆ, ಸ್ವಂತ ಮುದ್ರಣಾಲಯ, ಕನ್ನಡ ಪರೀಕ್ಷೆಗಳು, ಗಮಕ ತರಗತಿಗಳು ಈ ಅವಧಿಯಲ್ಲಿ ಬಂದವು. ಗಮಕ ತರಗತಿಯ ಮಾತನ್ನು ವಿಶೇಷವಾಗಿ ಹೇಳಬೇಕು. ಆದಿಪ್ರಾಸವನ್ನು ಬಿಡಿಸಿದವರೇ, ಷಟ್ಪದಿಯನ್ನು ರಾಗವಾಗಿ ಓದುವ ಹಳೆಯ ವಿದ್ಯೆ ನಶಿಸಬಾರದೆಂದು ಅದಕ್ಕೆ ತರಗತಿ ತೆರೆದರು. ಹೊಸದು ಬಂದರೆ ಹಳೆಯದು ಹೋಗಬೇಕೆಂಬ ಮನೋಭಾವ ಅವರಲ್ಲಿರಲಿಲ್ಲ.

ಖಾಸಗಿ ಬದುಕು ಅಷ್ಟು ಸುಗಮವಾಗಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಪತ್ನಿಯನ್ನು ಕಳೆದುಕೊಂಡರು, ಮತ್ತೆ ಮದುವೆಯಾಗಲಿಲ್ಲ. ಬೋಧನೆ, ಆಡಳಿತ, ಪ್ರವಾಸ, ಉಪನ್ಯಾಸಗಳ ನಡುವೆ ಸ್ವಂತ ಕವಿತೆಗೆ ಉಳಿದ ಸಮಯ ಕಡಿಮೆ. ಅವರು ಬರೆದಿದ್ದಕ್ಕಿಂತ ಬರೆಸಿದ್ದೇ ಹೆಚ್ಚು. 1941ರಲ್ಲಿ ಶಿಷ್ಯರೂ ಅಭಿಮಾನಿಗಳೂ ಸೇರಿ ‘ಸಂಭಾವನೆ’ ಎಂಬ ಗೌರವಗ್ರಂಥವನ್ನು ಅವರಿಗೆ ಅರ್ಪಿಸಿದರು.

ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ, 1944ರಲ್ಲಿ, ಧಾರವಾಡದ ಕೆ.ಇ. ಬೋರ್ಡಿನ ಕಲಾ ಕಾಲೇಜಿಗೆ ಪ್ರಾಂಶುಪಾಲರಾಗಿ ಹೋದರು. ಅರವತ್ತು ದಾಟಿದ ವಯಸ್ಸಿನಲ್ಲಿ, ಮೈಸೂರು ಸಂಸ್ಥಾನದ ಗಡಿಯಾಚೆ, ಹೊಸದಾಗಿ ಆರಂಭವಾದ ಕಾಲೇಜೊಂದರ ಹೊಣೆ ಹೊರುವುದು ಸುಲಭದ ತೀರ್ಮಾನವಲ್ಲ. ಅಲ್ಲಿಯೇ 1946ರ ಜನವರಿ 5ರಂದು, ಅರವತ್ತೆರಡು ತುಂಬಿ ಎರಡು ದಿನವಾಗಿದ್ದಾಗ, ನಿಧನರಾದರು. ಅವರ ಕನ್ನಡ ಸಾಹಿತ್ಯ ಚರಿತ್ರೆಯು ನಿಧನಾನಂತರ ಪ್ರಕಟವಾಯಿತು. ಕನ್ನಡವನ್ನು ಆಡಳಿತ ಭಾಷೆಯೆಂದು ಸಾರಿದ 1963ರ ರಾಜ್ಯಭಾಷಾ ಅಧಿನಿಯಮವನ್ನು ನೋಡಲು ಅವರು ಇರಲಿಲ್ಲ.

ಉಪವಿಭಾಗದ ಮುಂದಿನ ತಲೆಮಾರು

ಶ್ರೀಕಂಠಯ್ಯನವರು ತೆರೆದ ಹಾದಿಯಲ್ಲಿ ನಡೆದವರಲ್ಲಿ ಈ ನಾಲ್ಕು ತಾಲ್ಲೂಕುಗಳವರೇ ಹಲವರಿದ್ದಾರೆ. ಕೃಷ್ಣರಾಜಪೇಟೆ ತಾಲ್ಲೂಕು ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು (1900–2003) ಅವರ ಶಿಷ್ಯರು, ಅವರ ಜೀವನ ಕುರಿತು ಗ್ರಂಥ ಬರೆದವರು. ಪಾಂಡವಪುರ ತಾಲ್ಲೂಕು ಮೇಲುಕೋಟೆಯ ಪು.ತಿ. ನರಸಿಂಹಾಚಾರ್ (1905–1998) ಅವರು ಶ್ರೀವೈಷ್ಣವ ಪರಂಪರೆಯಲ್ಲಿ ಬೆಳೆದು, ಅಹಲ್ಯೆ ಮತ್ತು ಗೋಕುಲದ ಕಥೆಗಳನ್ನು ಗೀತನಾಟಕಗಳಾಗಿ ಹೊಸದಾಗಿ ಬರೆದರು. ಕೃಷ್ಣರಾಜಪೇಟೆ ತಾಲ್ಲೂಕು ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ (1915–2003) ಅವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಪ್ರಕಟವಾಯಿತು. ಮನೆಮಾತಿನ ಕನ್ನಡದಲ್ಲಿ ಗಂಡ ಹೆಂಡಿರ ಒಲವನ್ನು ಹಾಡುವ ಆ ಪದ್ಯಗಳಲ್ಲಿ ಆದಿಪ್ರಾಸವನ್ನು ಯಾರೂ ಹುಡುಕಲಿಲ್ಲ.

ಬೆಂಗಳೂರಿನ ನರಸಿಂಹರಾಜ ಕಾಲೋನಿಯಲ್ಲಿರುವ ಬಿ.ಎಂ.ಶ್ರೀ ಸ್ಮಾರಕ ಪ್ರತಿಷ್ಠಾನವು 1979ರಲ್ಲಿ ಸ್ಥಾಪನೆಯಾಗಿದ್ದು, ಅವರ ಹೆಸರಿನಲ್ಲಿ ಸಾಹಿತ್ಯ ಸಂಶೋಧನೆಯ ಕಾರ್ಯ ನಡೆಸುತ್ತ ಬಂದಿದೆ. ಅವರ ಮನೆತನದ ಊರಾದ ಬೆಳ್ಳೂರನ್ನು ನೋಡಬಯಸುವವರು ಬೆಂಗಳೂರು–ಮಂಗಳೂರು ಹೆದ್ದಾರಿಯ ಬೆಳ್ಳೂರು ಕ್ರಾಸ್‌ನಲ್ಲಿ ನಾಗಮಂಗಲದ ಕಡೆಗೆ ತಿರುಗಬೇಕು. ಬೆಳ್ಳೂರು ಆ ರಸ್ತೆಯಲ್ಲಿಯೇ ಸಿಗುತ್ತದೆ.